‘ಯಾವನೋ ಆಸ್ಟ್ರೇಲಿಯಾದಾಂವ’: ಶೇನ್ ವಾರ್ನ್ ತೀರಿಕೊಂಡ ಮೇಲೆ ಬಂದ ಒಂದು ಪ್ರಕರಣ

ಮನಸ್ಸಿನ ತೊಂದರೆಗೆ ಸಲಹೆ ಕೇಳಿ ನನ್ನ ಹತ್ತಿರ ಬಂದವರೊಬ್ಬರ ಕತೆ ಇದು. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗಬಾರದು ಅಂತ ಕೆಲಸ, ಓಣಿ, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಹೆಸರೂ ಬೇಡ. ಮೈದಾನದ ಹುಡುಗರು ಅವರನ್ನು ಮಾಸ್ತರ್ ಅಂತಾರೆ, ಇಲ್ಲೂ ಹಾಗೇ ಇರಲಿ. ಶಾಲೆ ಮಾಸ್ತರರೇನಲ್ಲ. ಹುಬ್ಬಳ್ಳಿಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. 2022ರಲ್ಲಿ ವಯಸ್ಸು 52. ಭಾನುವಾರ ಬೆಳಿಗ್ಗೆ ಹುಡುಗರಿಗೆ ಲೆಗ್ ಸ್ಪಿನ್ (ಮಣಿಕಟ್ಟಿನಿಂದ ಚೆಂಡು ತಿರುಗಿಸುವ ಬೌಲಿಂಗ್) ಹೇಳಿಕೊಡುವುದು ಅವರ ಹವ್ಯಾಸ. ದುಡ್ಡು ತೊಗೊಳ್ಳುವುದಿಲ್ಲ.

2022ರ ಮಾರ್ಚ್ ನಡುವೆ ಅವರ ಪತ್ನಿ ಕರೆದುಕೊಂಡು ಬಂದರು. ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಮಾತು ಶುರುವಾಯಿತು. “ಇವರಪ್ಪ ತೀರ್ಕೊಂಡಾಗ ಇಷ್ಟ ಅತ್ತಿರ್ಲಿಲ್ರೀ. ಈಗ ಯಾವನೋ ಆಸ್ಟ್ರೇಲಿಯಾದಾಂವ ಸತ್ತಾನಂತ ಊಟಾ ಬಿಟ್ಟಾರ. ಮಂದಿ ಕೇಳಿದ್ರ ಏನ್ ಹೇಳೂಣು?”

ಮಾಸ್ತರ್ ನೆಲ ನೋಡುತ್ತಾ ಕೂತಿದ್ದರು. ಬಲಗೈಯ ಎರಡು ಬೆರಳು ಕತ್ತಿನ ಪಕ್ಕದಲ್ಲಿದ್ದವು. ನಾಡಿ ನೋಡಿಕೊಳ್ಳುತ್ತಿದ್ದರು. ನಾವು ಮಾತಾಡುತ್ತಿದ್ದಷ್ಟು ಹೊತ್ತೂ ಆ ಬೆರಳು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿದ್ದವು.

ಮಾರ್ಚ್ 4ರಂದು, ಶುಕ್ರವಾರ ಸಂಜೆ, ಥಾಯ್ಲೆಂಡಿನ ಕೊ ಸಮುಯಿ ದ್ವೀಪದಿಂದ ಸುದ್ದಿ ಬಂತು. ಆಸ್ಟ್ರೇಲಿಯಾದ ಲೆಗ್ ಸ್ಪಿನ್ನರ್ ಶೇನ್ ವಾರ್ನ್ ಇನ್ನಿಲ್ಲ, ಹೃದಯಾಘಾತ ಇರಬೇಕು ಅಂತ. ಅವತ್ತು ಮೊಹಾಲಿಯಲ್ಲಿ ಕೊಹ್ಲಿಯ 100ನೇ ಟೆಸ್ಟ್ ಶುರುವಾಗಿತ್ತು, ಇಡೀ ದಿನ ಅದೇ ಮಾತು. ಸುದ್ದಿ ಸುಳ್ಳು ಅಂತಲೇ ಮಾಸ್ತರ್ ರಾತ್ರಿಯೆಲ್ಲ ನಂಬಿದ್ದರಂತೆ. ಅವರ ತಲೆಯಲ್ಲಿ ಒಂದು ವಿಷಯ ಸಿಕ್ಕಿಹಾಕಿಕೊಂಡಿತ್ತು. ಅದೇ ದಿನ ಆಸ್ಟ್ರೇಲಿಯಾದ ಹಳೆಯ ವಿಕೆಟ್ ಕೀಪರ್ ರಾಡ್ ಮಾರ್ಷ್ ತೀರಿಕೊಂಡಿದ್ದರು. ವಾರ್ನ್ ಟ್ವಿಟರ್‌ನಲ್ಲಿ ಸಂತಾಪ ಬರೆದಿದ್ದರು. ಕೆಲವೇ ಗಂಟೆಗಳಲ್ಲಿ ಅವರಿಗೇ ಜನ ಸಂತಾಪ ಬರೆದರು. “ಮುಂಜಾನೆ ಇನ್ನೊಬ್ಬರಿಗೆ ಬರದಾಂವ ಸಂಜೀಕ ತಾನ ಇಲ್ಲಂದ್ರ ಹೆಂಗ್ರೀ?” ಈ ಪ್ರಶ್ನೆಯನ್ನು ಅವರು ನನ್ನೆದುರೇ ಎಷ್ಟು ಸಲ ಕೇಳಿದರೋ. ದಿಢೀರ್ ಸಾವಿನಲ್ಲಿ ಹೀಗೇ ಆಗುತ್ತದೆ. ಮನಸ್ಸು ಒಂದು ವಿವರ ಹಿಡಿದುಕೊಂಡು ಅಲ್ಲೇ ಸುತ್ತುತ್ತದೆ.

ಸಾಯುವಾಗ ವಾರ್ನ್‌ಗೂ 52. ಮಾಸ್ತರರದೂ ಅದೇ ವಯಸ್ಸು. ನಾಲ್ಕೇ ತಿಂಗಳ ಹಿಂದೆ, 2021ರ ಅಕ್ಟೋಬರ್ 29ರಂದು, ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋಗಿದ್ದರು. ಆಗ ರಾಜ್ಯದಲ್ಲಿ ಎಷ್ಟೋ ಜನ ಎದೆ ಹಿಡಿದುಕೊಂಡು ಆಸ್ಪತ್ರೆಗೆ ಓಡಿದ್ದು ನೆನಪಿದೆ ಅಲ್ವಾ? ಮಾಸ್ತರ್ ಆಗ ಓಡಿರಲಿಲ್ಲ. ಈಗ ರಾತ್ರಿ ಎದ್ದು ಕೂರುತ್ತಿದ್ದರು. ಎದೆ ಬಿಗಿ, ಅಂಗೈ ಬೆವರು. ನಿದ್ದೆ ಬರದೆ ಮೊಬೈಲ್‌ನಲ್ಲಿ ಹಳೆಯ ಬೌಲಿಂಗ್ ನೋಡುತ್ತಾ ಬೆಳಗು ಮಾಡುತ್ತಿದ್ದರು. ಭಾನುವಾರ ಮೈದಾನಕ್ಕೆ ಹೋಗುವುದನ್ನೂ ಬಿಟ್ಟಿದ್ದರು.

ಎದೆಬಿಗಿತದ ವಿಷಯ ನಾನು ಇಟ್ಟುಕೊಳ್ಳಲಿಲ್ಲ. ಎದೆನೋವು ಅಂದರೆ ಮೊದಲು ವೈದ್ಯರು, ಆಮೇಲೆ ನಾನು. ಮನಸ್ಸಿನದೇ ಇರಬಹುದು ಅಂತ ಅಂದಾಜು ಮಾಡಿ ಕೂರುವ ಜಾಗ ಅದಲ್ಲ. ಅವತ್ತೇ ಫಿಜಿಷಿಯನ್ ಹತ್ತಿರ ಕಳಿಸಿದೆ. ಇಸಿಜಿಯಲ್ಲಿ ತೊಂದರೆ ಕಾಣಲಿಲ್ಲ. ಆದರೆ ಒಂದು ಇಸಿಜಿ ಚೆನ್ನಾಗಿದೆ ಅಂದ ಮಾತ್ರಕ್ಕೆ ಎಲ್ಲವೂ ಸರಿ ಅಂತಲ್ಲ. ವೈದ್ಯರು ಬೇರೆ ಪರೀಕ್ಷೆಗಳನ್ನೂ ಮಾಡಿಸಿದರು. ಬಿಪಿ ಜಾಸ್ತಿ ಇತ್ತು, ಮಾತ್ರೆ ಶುರುವಾಯಿತು. ಸಿಗರೇಟ್ ಬಿಡಿ ಅಂದರು. ಇದನ್ನು ಓದುವವರಿಗೂ ಹೇಳುತ್ತೇನೆ: ಎದೆ ಹಿಂಡಿದಂತಾಗಿ ಆ ನೋವು ಎಡಗೈಗೋ ದವಡೆಗೋ ಹರಡಿದರೆ, ಜೊತೆಗೆ ಬೆವರು, ಉಸಿರಾಟಕ್ಕೆ ಕಷ್ಟ ಇದ್ದರೆ, ಗ್ಯಾಸ್ ಅಂತ ಸೋಡಾ ಕುಡಿಯುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ವರದಿಗಳು ಕೈಗೆ ಬಂದ ಮೇಲೆ ನಮ್ಮ ಮಾತು ಸರಾಗ ಆಯಿತು.

ಮನೆಯವರೆಲ್ಲ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದರು. ಇದು ನಿಜವಾಗಿ ಅಪ್ಪನ ದುಃಖ, ಆಗ ಅಳದೇ ಇದ್ದದ್ದು ಈಗ ಹೊರಗೆ ಬರುತ್ತಿದೆ ಅಂತ. ಯಾರೋ ಯೂಟ್ಯೂಬ್‌ನಲ್ಲಿ ಹಾಗೆ ಹೇಳಿದ್ದರಂತೆ. ನಾನು ಮಾಸ್ತರರನ್ನೇ ಕೇಳಿದೆ. ಅವರು ತಲೆ ಅಲ್ಲಾಡಿಸಿದರು. “ಅಪ್ಪಂದು ಅಪ್ಪಂದ ರೀ. ಎರಡು ವರ್ಷ ಹಾಸಿಗಿ ಹಿಡದಿದ್ದ, ನಾನ ನೋಡ್ಕೊಂಡೆ. ಹೋಗೂ ಮುಂದ ನಂಗ ತಯಾರಿ ಇತ್ತು. ಇದು ಇದ.” ನಾನು ನಂಬಿದೆ. ಆಟಗಾರನಿಗಾಗಿ ಅತ್ತರೆ ಅದರ ಕೆಳಗೆ ಇನ್ನೇನೋ ಇರಲೇಬೇಕು ಅಂತ ಅಗೆಯುವ ಚಾಳಿ ನಮ್ಮ ವೃತ್ತಿಯಲ್ಲೂ ಇದೆ. ಕೆಲವು ಸಲ ಇರುತ್ತದೆ. ಬಹಳ ಸಲ ಆ ಆಟಗಾರನೇ ಇರುತ್ತಾನೆ, ಅಷ್ಟೇ.

ಹಾಗಾದರೆ ವಾರ್ನ್ ಯಾಕೆ ಅಂತ ಕೇಳಿದೆ. ಕರ್ನಾಟಕದವರಿಗೆ ಕುಂಬ್ಳೆ ಇಲ್ವಾ? ಚಂದ್ರಶೇಖರ್ ಇರಲಿಲ್ವಾ? ಪಕ್ಕದ ಗದಗಿನ ಸುನಿಲ್ ಜೋಶಿ ಇಲ್ವಾ, ಚಿಕ್ಕ ವಯಸ್ಸಿನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಓಡಾಡಿ, 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಬರೀ 6 ರನ್ ಕೊಟ್ಟು 5 ವಿಕೆಟ್ ತೆಗೆದವರು?

ಮಾಸ್ತರ್ ಮೊದಲ ಸಲ ನಕ್ಕರು. ಟೇಬಲ್ ಮೇಲಿದ್ದ ಗಾಜಿನ ಪೇಪರ್‌ವೇಟ್ ಎತ್ತಿಕೊಂಡರು. ತೋರುಬೆರಳು, ನಡುಬೆರಳು ಮೇಲೆ ಅಗಲಿಸಿ ಇಟ್ಟರು. ಉಂಗುರದ ಬೆರಳನ್ನು ಮಡಚಿ ಬದಿಗೆ ಒತ್ತಿದರು. ಆ ಬೆರಳಿನ ಒಳಬದಿಯಲ್ಲಿ ಹಳೆಯ ಜಡ್ಡು ಇನ್ನೂ ಇದೆ. ಮಣಿಕಟ್ಟು ಒಳಗೆ ಮಡಚಿ ಬಿಡಿಸಿದರು, ಪೇಪರ್‌ವೇಟ್ ಅಂಗೈಯಲ್ಲೇ ಗಿರ್ರನೆ ತಿರುಗಿತು. “ಜೋಶಿ ಸಾಹೇಬ್ರು ಎಡಗೈ, ಅದು ಬ್ಯಾರೆ ವಿದ್ಯಾ. ಕುಂಬ್ಳೆ ದೊಡ್ಡಾಂವ್ರು. ಆದ್ರ ಅವರ ಬಾಲ್ ನನ್ನ ಕೈಗೆ ಬರ್ಲಿಲ್ರೀ. ಆ ಎತ್ತರ ಬೇಕು, ಆ ಜೋರು ಬೇಕು. ಇಂವ ನಾಕ್ ಹೆಜ್ಜಿ ನಡಕೊಂತ ಬಂದು ಹಾಕತಿದ್ದ. ನೋಡಿದ್ರ ನನಗೂ ಬರ್ತೈತಿ ಅನಸ್ತಿತ್ತು.”

ಬಂತೋ ಅಂತ ಕೇಳಿದೆ. “ಎಲ್ಲಿ ಬರ್ತೈತ್ರೀ!”

1993ರ ಜೂನ್ 4ರಂದು ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡಿನ ಮೈಕ್ ಗ್ಯಾಟಿಂಗ್‌ಗೆ ವಾರ್ನ್ ಹಾಕಿದ ಆ ಬಾಲ್, ಲೆಗ್ ಸ್ಟಂಪಿನ ಹೊರಗೆ ಬಿದ್ದು ಆಫ್ ಸ್ಟಂಪ್ ಮುಟ್ಟಿದ್ದು, ಅದನ್ನು ನನಗೆ ಕೈಯಲ್ಲೇ ತೋರಿಸಿದರು. 1998ರ ಮಾರ್ಚ್‌ನಲ್ಲಿ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಚಿನ್ನಸ್ವಾಮಿ ಮೈದಾನದಲ್ಲಿ ಟೆಸ್ಟ್ ನೋಡಿದ್ದರು. ಸಚಿನ್ 177 ಹೊಡೆದ ಪಂದ್ಯ. ಸುತ್ತಲಿನವರೆಲ್ಲ ಸಚಿನ್ ಬ್ಯಾಟ್ ನೋಡುತ್ತಿದ್ದರೆ ಇವರು ವಾರ್ನ್ ಕೈ ನೋಡುತ್ತಿದ್ದರಂತೆ. ಸೋತು ಮುಖ ಸಣ್ಣ ಮಾಡಿಕೊಂಡ ಹುಡುಗರಿಗೆ ಅವರು ಹೇಳುವ ಕತೆಯೂ ವಾರ್ನ್‌ದೇ. 1992ರ ಜನವರಿಯಲ್ಲಿ ಸಿಡ್ನಿಯಲ್ಲಿ ಭಾರತದ ಮೇಲೆ ಅವನ ಮೊದಲ ಟೆಸ್ಟ್. 150 ರನ್ ಕೊಟ್ಟು ಸಿಕ್ಕಿದ್ದು ಒಂದೇ ವಿಕೆಟ್, ಅದೂ ರವಿ ಶಾಸ್ತ್ರಿ 206 ಹೊಡೆದ ಮೇಲೆ. ಆ ಹುಡುಗ ಆಮೇಲೆ ಟೆಸ್ಟ್‌ನಲ್ಲಿ 708 ವಿಕೆಟ್ ತೆಗೆದ. ಮೂವತ್ತು ವರ್ಷ ಹೀಗೆ ದಿನವೂ ಜೊತೆಗಿದ್ದವನನ್ನು ‘ಯಾವನೋ’ ಅನ್ನಲು ಬರುತ್ತದಾ? ಅವನಿಗೆ ಇವರ ಹೆಸರು ಗೊತ್ತಿರಲಿಲ್ಲ, ನಿಜ. ಇಂಥ ಒಮ್ಮುಖದ ಬಂಧದ ಬಗ್ಗೆ ಹಾರ್ಟನ್ ಮತ್ತು ವೋಲ್ ಅನ್ನುವ ಇಬ್ಬರು ಅಮೆರಿಕದಲ್ಲಿ 1956ರಲ್ಲೇ ಬರೆದಿದ್ದಾರೆ. ಟಿವಿ ಆಗಿನ್ನೂ ಹೊಸದು. ಹೊಸ ಕಾಲದ ಹುಚ್ಚು ಅಂತ ತಳ್ಳಿಹಾಕುವ ಹಾಗಿಲ್ಲ.

ಆಮೇಲೆ ಪತ್ನಿಯನ್ನು ಕೇಳಿದೆ. ಅಪ್ಪು ಹೋದಾಗ ನೀವೇನು ಮಾಡಿದಿರಿ?

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅತ್ತಿದ್ದರು. ಎರಡು ದಿನ ಟಿವಿ ಮುಂದಿಂದ ಎದ್ದಿರಲಿಲ್ಲ. ಓಣಿಯ ತುದಿಯಲ್ಲಿ ದೊಡ್ಡ ಫೋಟೋ ಇಟ್ಟು ಹಾರ ಹಾಕಿದ್ದರು, ಇವರೂ ಹೋಗಿ ದೀಪ ಹಚ್ಚಿ ಬಂದಿದ್ದರು. ಅನ್ನಸಂತರ್ಪಣೆಗೆ ಅಕ್ಕಿ ಕೊಟ್ಟಿದ್ದರು. “ಅದು ಬ್ಯಾರೆ ರೀ. ಅಪ್ಪು ನಮ್ಮಾಂವ.”

ಮಾಸ್ತರ್ ಆಗ ತಲೆ ಎತ್ತಿದರು. “ನಾ ಆಗ ನಿನಗ ಏನರ ಅಂದ್ನ್ಯಾ?”

ಈ ಪ್ರಕರಣದ ಗಂಟು ಅಲ್ಲೇ ಇತ್ತು ಅಂತ ನನಗನಿಸುತ್ತದೆ. ಆಕೆಯ ದುಃಖಕ್ಕೆ ಇಡೀ ಓಣಿ ಜೊತೆಗಿತ್ತು. ಬ್ಯಾನರ್ ಇತ್ತು, ಅಂಗಡಿ ಬಾಗಿಲು ಹಾಕಿದ್ದವು. ಅಳು ಬಂದರೆ ಪಕ್ಕದಲ್ಲೇ ಅಳುವ ಇನ್ನೊಬ್ಬರಿದ್ದರು. ಮಾಸ್ತರರಿಗೆ ಯಾರೂ ಇರಲಿಲ್ಲ. ಮೆಲ್ಬರ್ನ್ ಕ್ರೀಡಾಂಗಣದ ಹೊರಗಿರುವ ವಾರ್ನ್ ಪ್ರತಿಮೆಯ ಕೆಳಗೆ ಜನ ಹೂವು, ಬಿಯರ್, ಸಿಗರೇಟ್, ಬೇಕ್ಡ್ ಬೀನ್ಸ್ ಡಬ್ಬಿ ಇಟ್ಟ ಫೋಟೋ ಅವರ ಮೊಬೈಲ್‌ನಲ್ಲಿತ್ತು. ನನಗೆ ತೋರಿಸಿ, “ಅವರಿಗೆ ಹೋಗಾಕ ಒಂದು ಜಾಗಾ ಐತಿ” ಅಂದರು.

ಇವರ ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ ನಡೆದದ್ದು ಇನ್ನೊಂದು. ಹಳೆಯ ಟೀಮಿನ ಗೆಳೆಯನೊಬ್ಬ ವಾರ್ನ್‌ನ ಹೆಣ್ಣುಗಳ ಕತೆ, ಬೆಟ್ಟಿಂಗ್ ಬುಕ್ಕಿ ಕತೆ, 2003ರ ಡೋಪಿಂಗ್ (ಆಟಗಾರರು ತೊಗೊಳ್ಳಬಾರದ ಔಷಧ) ನಿಷೇಧ ಎಲ್ಲ ಪಟ್ಟಿ ಮಾಡಿ, ‘ಹಿಂಗ ಬದುಕಿದ್ರ ಹಿಂಗ ಆಗೂದು’ ಅಂತ ಬರೆದಿದ್ದ. ಮಾಸ್ತರ್ ಬೈದು ಗುಂಪು ಬಿಟ್ಟರು. ಇಪ್ಪತ್ತು ವರ್ಷದ ಗೆಳೆತನ ಹೋಯಿತು.

ನಾನು ಹೇಳಿದ್ದರಲ್ಲಿ ಮೊದಲನೆಯದು ಈ ಜಗಳದ ಬಗ್ಗೆಯೇ. ಸತ್ತವನ ವಕೀಲರಾಗಬೇಡಿ ಅಂದೆ. ನಿಷೇಧ ಆಗಿದ್ದು ಹೌದು, ಒಂದು ವರ್ಷ. 2003ರ ವಿಶ್ವಕಪ್ ಕೈತಪ್ಪಿದ್ದೂ ಹೌದು. ತೆಳ್ಳಗಾಗಲು ಅಮ್ಮ ಕೊಟ್ಟ ಮಾತ್ರೆ ಅಂತ ಅವರೇ ಹೇಳಿದ್ದರು. ಅದನ್ನೆಲ್ಲ ಅಲ್ಲಗಳೆದರೆ ಮಾತ್ರ ಅಳುವ ಹಕ್ಕು ಸಿಗುತ್ತದೆ ಅಂತೇನಿಲ್ಲ. ಕುಂದು ಇದ್ದವರನ್ನೇ ನಾವು ಮನೆಯಲ್ಲೂ ಪ್ರೀತಿಸುತ್ತೇವೆ.

ರಾತ್ರಿ ವಿಡಿಯೋ ಬೇಡ ಅಂದೆ. ಪೂರ್ತಿ ಬಿಡಿ ಅನ್ನಲಿಲ್ಲ. ಸಂಜೆ ಊಟಕ್ಕೆ ಮೊದಲು ಅರ್ಧ ಗಂಟೆ, ಅದೂ ಒಬ್ಬರೇ ಅಲ್ಲ, ಪಕ್ಕದಲ್ಲಿ ಯಾರಾದರೂ ಇರಬೇಕು. ಮೊಬೈಲ್ ರಾತ್ರಿ ಅಡುಗೆಮನೆಯಲ್ಲಿ ಮಲಗಲಿ. ನಾಡಿ ಹಿಡಿದು ನೋಡಬೇಕು ಅನಿಸಿದಾಗ ಹತ್ತು ನಿಮಿಷ ಮುಂದೆ ಹಾಕಿ, ಆಮೇಲೂ ಬೇಕೆನಿಸಿದರೆ ನೋಡಿ. ನೋಡಿದಷ್ಟೂ ಭಯ ಜಾಸ್ತಿಯಾಗುತ್ತದೆ, ಭಯಕ್ಕೆ ನಾಡಿ ಇನ್ನೂ ಓಡುತ್ತದೆ. ಈ ಚಕ್ರ ಒಂದೇ ಏಟಿಗೆ ನಿಲ್ಲುವುದಿಲ್ಲ, ಆದರೆ ನಿಧಾನಕ್ಕೆ ಸಡಿಲವಾಗುತ್ತದೆ. ಅವರಿಗೂ ಹಾಗೇ ಆಯಿತು.

ಪತ್ನಿಗೆ ಹೇಳಿದ್ದು ಒಂದೇ. ಅಪ್ಪನ ಸಾವಿನ ಜೊತೆ ಇದನ್ನು ತಕ್ಕಡಿಗೆ ಹಾಕಬೇಡಿ. ಎಷ್ಟು ಅತ್ತರು ಅನ್ನುವುದರಲ್ಲಿ ಎಷ್ಟು ಪ್ರೀತಿ ಇತ್ತು ಅನ್ನುವುದು ಗೊತ್ತಾಗುವುದಿಲ್ಲ. ಮಂದಿ ಕೇಳಿದರೆ, ‘ಅವರಿಗೆ ಬೇಕಾದಾಂವ ಹೋಗ್ಯಾನ’ ಅನ್ನಿ, ಸಾಕು.

ಮಾರ್ಚ್ 30ರಂದು ಮೆಲ್ಬರ್ನ್‌ನಲ್ಲಿ ಸರ್ಕಾರಿ ಸ್ಮರಣಾ ಸಭೆ ಇತ್ತು. ಐವತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು, ಮೈದಾನದ ಒಂದು ಸ್ಟ್ಯಾಂಡಿಗೆ ವಾರ್ನ್ ಹೆಸರಿಟ್ಟರು. ಇಲ್ಲಿ ಆಗ ಮಧ್ಯಾಹ್ನ. ಮಾಸ್ತರ್ ಮನೆಗೆ ಬಂದು ಮೊಬೈಲ್‌ನಲ್ಲಿ ನೋಡಿದರು, ಆಕೆ ಪಕ್ಕದಲ್ಲಿ ಕೂತಿದ್ದರು. ಅರ್ಧ ತಿಳಿಯಲಿಲ್ಲ ಅಂತ ಆಮೇಲೆ ನನಗೆ ಹೇಳಿದರು. ಮಕ್ಕಳು ಮಾತಾಡಿದಾಗ ಮಾತ್ರ ಕಣ್ಣಲ್ಲಿ ನೀರು ಬಂತಂತೆ.

ನಾನು ಬಹಳ ಒತ್ತಿ ಹೇಳಿದ್ದು ಮೈದಾನದ ಬಗ್ಗೆ. ಹಳೆಯ ಗೆಳೆಯರನ್ನು ನೀವೇ ಕರೆಯಿರಿ, ಯಾರೋ ಕರೆಯಲಿ ಅಂತ ಕಾಯಬೇಡಿ ಅಂದೆ. ಅವರಿಗೆ ನಾಚಿಕೆ. ಜನ ನಗುತ್ತಾರೆ ಅಂತ ಎರಡು ಭಾನುವಾರ ಮುಂದೆ ಹಾಕಿದರು. ಕೊನೆಗೆ ಒಂದು ಭಾನುವಾರ ನೆಹರೂ ಮೈದಾನದ ಮೂಲೆಯಲ್ಲಿ ಕೆಲವು ಹಳಬರು, ಅವರ ಹುಡುಗರು ಸೇರಿದರು. ಫೋಟೋ ಇಲ್ಲ, ಹಾರ ಇಲ್ಲ. ಮಾಸ್ತರ್ ಸಿಡ್ನಿಯ 150 ರನ್ ಕತೆ ಹೇಳಿದರು. ಹುಡುಗರಿಗೆ ಅದು ಬಾಯಿಪಾಠ, ಆದರೂ ಕೇಳಿದರು. ಆಮೇಲೆ ಎಲ್ಲರೂ ಒಂದೊಂದು ಲೆಗ್ ಬ್ರೇಕ್ ಹಾಕಿದರು. ಹೊಟ್ಟೆ ಬಂದ ಹಳಬರು ಕೂಡ. ಮಿರ್ಚಿ ಭಜಿ ತಿಂದು ಮನೆಗೆ ಹೋದರು. ಮುಂದಿನ ವಾರದಿಂದ ಮಾಸ್ತರರ ಭಾನುವಾರ ಮತ್ತೆ ಶುರುವಾಯಿತು.

ಎಲ್ಲರಿಗೂ ಇಷ್ಟಕ್ಕೇ ಸರಿಹೋಗುವುದಿಲ್ಲ. ವಾರಗಟ್ಟಲೆ ಕೆಲಸಕ್ಕೆ ಹೋಗದಿದ್ದರೆ, ಕುಡಿತ ಹೆಚ್ಚಾದರೆ, ‘ನಾನೂ ಹೋಗಿಬಿಡ್ತೀನಿ’ ಅನ್ನುವ ಮಾತು ಒಂದೇ ಸಲ ಬಂದರೂ, ಅಭಿಮಾನದ ಹುಚ್ಚು ಅಂತ ನಕ್ಕು ಬಿಡಬೇಡಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾಸ್ತರ್ ಈಗಲೂ ಬಿಪಿ ಮಾತ್ರೆ ತೊಗೊಳ್ಳುತ್ತಾರೆ. ಸಿಗರೇಟ್ ಪೂರ್ತಿ ಬಿಟ್ಟಿಲ್ಲ, ಕಡಿಮೆ ಮಾಡಿದ್ದಾರೆ. ಆ ಗೆಳೆಯನ ಜೊತೆ ಇನ್ನೂ ಮಾತಿಲ್ಲ. ಭಾನುವಾರದ ಸಭೆಗೆ ಅವನೂ ಬಂದಿದ್ದನಂತೆ, ದೂರ ಸ್ಕೂಟರ್ ಮೇಲೆ ಕೂತು ನೋಡಿ ಹೋದನಂತೆ. ನಾನೇ ಫೋನ್ ಮಾಡಬೇಕಾ ಅಂತ ಕೇಳಿದರು. ಮಾಡಬೇಕು ಅನಿಸಿದಾಗ ಮಾಡಿ, ಅವಸರ ಇಲ್ಲ ಅಂದಿದ್ದೇನೆ.