ಡ್ರ್ಯಾಗ್ ರೇಸ್ ಕಾರಿನಲ್ಲಿ ಚಕ್ರದ ಜಾರುವಿಕೆಯನ್ನು ಇಸಿಯು ಹೇಗೆ ತಡೆಯುತ್ತದೆ?

ನೇರ ಹಾದಿಯ ಕಿರು ಓಟವಾದ ಡ್ರ್ಯಾಗ್ ರೇಸಿನಲ್ಲಿ ಬ್ರೇಕಿನ ನೆರವಿಲ್ಲದೆ, ಇಂಜಿನ್ನಿನ ಬಲವನ್ನೇ ಕ್ಷಣಕಾಲ ತಗ್ಗಿಸಿ ಇಸಿಯು, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಈ ಕೆಲಸ ಮಾಡುತ್ತದೆ. ರಸ್ತೆಯ ಕಾರುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗವನ್ನು ಹೋಲಿಸಿ ಜಾರುವಿಕೆಯನ್ನು ಗುರುತಿಸಬಹುದು. ಆದರೆ ಹಿಂಬದಿ ಚಕ್ರಗಳ ಬಲದಿಂದ ಓಡುವ ಡ್ರ್ಯಾಗ್ ಕಾರು ಹೊರಡುವಾಗ ಮುಂದಿನ ಚಕ್ರಗಳು ನೆಲ ಬಿಟ್ಟು ಮೇಲೇಳುವುದುಂಟು, ಆಗ ಆ ಹೋಲಿಕೆಗೆ ಅರ್ಥವಿರುವುದಿಲ್ಲ. ಆದ್ದರಿಂದ ಬಲವನ್ನು ಹಿಂದಿನ ಚಕ್ರಗಳತ್ತ ಒಯ್ಯುವ ತಿರುಗುದಂಡವಾದ ಡ್ರೈವ್‌ಶಾಫ್ಟಿಗೆ ಸೆನ್ಸರ್ ಅಳವಡಿಸಿ, ಹಿಂದಿನ ಒಳ್ಳೆಯ ಓಟಗಳ ದಾಖಲೆಯ ಆಧಾರದ ಮೇಲೆ, ಯಾವ ಕ್ಷಣದಲ್ಲಿ ಶಾಫ್ಟ್ ಎಷ್ಟು ವೇಗದಲ್ಲಿ ತಿರುಗಬೇಕು ಎಂಬ ರೇಖೆಯನ್ನು ಇಸಿಯುವಿಗೆ ಮೊದಲೇ ಕೊಟ್ಟಿರುತ್ತಾರೆ. ಶಾಫ್ಟಿನ ವೇಗ ಆ ರೇಖೆಯನ್ನು ಮೀರಿದರೆ ಟೈರು ಜಾರುತ್ತಿದೆ ಎಂದರ್ಥ.

ಆಗ ಇಸಿಯು ಮೊದಲು ಇಂಧನವನ್ನು ಹೊತ್ತಿಸುವ ಕಿಡಿಯನ್ನು ತಡವಾಗಿಸಿ ಬಲವನ್ನು ತಗ್ಗಿಸುತ್ತದೆ. ಥ್ರಾಟಲ್ ಮುಚ್ಚಿದರೆ ಅಥವಾ ಟರ್ಬೊ ಒತ್ತಡವನ್ನು ಇಳಿಸಿದರೆ ಗಾಳಿಯ ಹರಿವು ಬದಲಾಗಲು ಸಮಯ ಬೇಕು, ಬಲ ಮರಳುವುದೂ ನಿಧಾನ. ಕಿಡಿಯ ಸಮಯವನ್ನಾದರೋ ಮುಂದಿನ ಸಿಲಿಂಡರಿನ ದಹನಕ್ಕೇ ಬದಲಿಸಬಹುದು. 402 ಮೀಟರಿನ ಓಟ ಕೆಲವೇ ಸೆಕೆಂಡುಗಳಲ್ಲಿ ಮುಗಿಯುವುದರಿಂದ ಈ ಚುರುಕೇ ನಿರ್ಣಾಯಕ. ಅದೂ ಸಾಲದಿದ್ದರೆ ಕೆಲವು ಸಿಲಿಂಡರುಗಳ ಕಿಡಿಯನ್ನು ಪೂರ್ತಿ ತಪ್ಪಿಸುತ್ತದೆ. ಉರಿಯದೆ ಉಳಿದ ಇಂಧನ ಎಕ್ಸಾಸ್ಟಿನಲ್ಲಿ ಹೊತ್ತಿಕೊಂಡು ಟರ್ಬೊಗೆ ಹಾನಿ ಮಾಡಬಹುದಾದ್ದರಿಂದ ಇದನ್ನು ಮಿತವಾಗಿ ಬಳಸುವುದೇ ಲೇಸು.

ಜಾರುವಿಕೆಯನ್ನು ಸೊನ್ನೆಗೆ ಇಳಿಸುವುದು ಇಲ್ಲಿ ಗುರಿಯಲ್ಲ, ಏಕೆಂದರೆ ಡ್ರ್ಯಾಗ್ ಟೈರು ಸ್ವಲ್ಪ ಜಾರಿದಾಗಲೇ ಗರಿಷ್ಠ ಹಿಡಿತ ಕೊಡುತ್ತದೆ. ಅಂದಹಾಗೆ, ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಡೆಸುವ ಸ್ಪರ್ಧೆಗಳ ಅತಿ ವೇಗದ ವರ್ಗವಾದ ಟಾಪ್ ಫ್ಯೂಯೆಲ್‌ನಲ್ಲಿ ಇಂಥ ನಿಯಂತ್ರಣಕ್ಕೆ ಅನುಮತಿಯಿಲ್ಲ. ಅಲ್ಲಿ ಕ್ಲಚ್ಚನ್ನು ಹಂತಹಂತವಾಗಿ ಕಚ್ಚಿಸುವ ಟೈಮರುಗಳು ಹಿಡಿತವನ್ನು ಕಾಯುತ್ತವೆ.