ಓದುಗರ ಪ್ರಶ್ನೆ, ನಮ್ಮ ಉತ್ತರ: ಇನ್ನೊಂದು ತುದಿಯಲ್ಲಿ ನಿಂತವರು

ಪ್ರಶ್ನೆ: ಅನಿಲ್ ಕುಂಬ್ಳೆಗೆ ಹತ್ತನೆಯ ವಿಕೆಟ್ ಸಿಗಲೆಂದು ಜಾವಗಲ್ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರಕ್ಕೆ ಚೆಂಡೆಸೆದರಲ್ಲವೇ? ದೇಶಕ್ಕಾಗಿ ಆಡುವವರು ಹೀಗೆ ಮಾಡಬಹುದೇ? (ಹಾಸನದ ಓದುಗರು)

ಉತ್ತರ: ಅಂದಿನ ಸ್ಥಿತಿಯಲ್ಲಿ ಖಂಡಿತ ಮಾಡಬಹುದಿತ್ತು. 1999ರ ಫೆಬ್ರುವರಿ 7ರಂದು ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ 420 ರನ್ನುಗಳ ಗುರಿ ಬೆನ್ನತ್ತಿದ್ದ ಪಾಕಿಸ್ತಾನ, ವಿಕೆಟ್ ನಷ್ಟವಿಲ್ಲದೆ 101 ರನ್ ಗಳಿಸಿ ನಮ್ಮ ಎದೆ ನಡುಗಿಸಿತ್ತು. ಆಮೇಲೆ ಉರುಳಿದ ಒಂಬತ್ತೂ ವಿಕೆಟ್ ಕುಂಬ್ಳೆಯವರವು. ಶ್ರೀನಾಥ್ ಕೈಗೆ ಚೆಂಡು ಬಂದಾಗ ಎದುರಾಳಿಗಳಿಗೆ ಇನ್ನೂ ಇನ್ನೂರಕ್ಕೂ ಹೆಚ್ಚು ರನ್ ಬೇಕಾಗಿದ್ದು, ಉಳಿದಿದ್ದುದು ಕೊನೆಯ ಜೋಡಿ ಮಾತ್ರ. ಒಂದು ಓವರನ್ನು ಹಾಗೆ ಬಿಟ್ಟುಕೊಟ್ಟರೆ ದೇಶಕ್ಕೆ ಕಳೆದುಹೋಗುವಂಥದ್ದು ಏನೂ ಇರಲಿಲ್ಲ.

ಬೌಲರ್ ಆಗಿ ಶ್ರೀನಾಥ್‌ಗೆ ಅದೆಷ್ಟು ಕಷ್ಟವಾಗಿರಬೇಕು ಎಂಬುದನ್ನೂ ಯೋಚಿಸಿ. ವರ್ಷಗಟ್ಟಲೆ ಆಫ್ ಸ್ಟಂಪಿನ ನೆತ್ತಿಗೆ ಗುರಿಯಿಟ್ಟು ಪಳಗಿದ ತೋಳು, ಅದೇ ಓಟ, ಅದೇ ಜಿಗಿತದ ಕೊನೆಯಲ್ಲಿ ಚೆಂಡನ್ನು ಬ್ಯಾಟಿಗೆ ಎಟುಕದಷ್ಟು ಆಚೆಗೆ ಕಳುಹಿಸಬೇಕು. ಅಂಪೈರ್ ಎರಡೂ ಕೈ ಚಾಚಿ ವೈಡ್ ಎಂದಾಗ ತಲೆ ತಗ್ಗಿಸದೆ ಮತ್ತೆ ಓಟದ ಗುರುತಿಗೆ ಮರಳಬೇಕು. ಕುಂಬ್ಳೆಯವರ ಮುಂದಿನ ಓವರಿನಲ್ಲೇ ವಾಸಿಂ ಅಕ್ರಂ ಕೊಟ್ಟ ಕ್ಯಾಚು ಶಾರ್ಟ್ ಲೆಗ್‌ನಲ್ಲಿದ್ದ ಲಕ್ಷ್ಮಣರ ಕೈ ಸೇರಿತು: 26.3 ಓವರ್, 74 ರನ್, 10 ವಿಕೆಟ್. ಟೆಸ್ಟ್ ಇತಿಹಾಸದಲ್ಲಿ ಅದಕ್ಕೂ ಮೊದಲು ಒಂದೇ ಇನಿಂಗ್ಸಿನ ಹತ್ತೂ ವಿಕೆಟ್ ಕಿತ್ತಿದ್ದವರು 1956ರಲ್ಲಿ ಇಂಗ್ಲೆಂಡಿನ ಜಿಮ್ ಲೇಕರ್ ಒಬ್ಬರೇ.

ಕುಂಬ್ಳೆ, ಶ್ರೀನಾಥ್ ಇಬ್ಬರ ನಂಟು ಅಂದು ಹುಟ್ಟಿದ್ದಲ್ಲ. 1996ರ ಅಕ್ಟೋಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಟೈಟನ್ ಕಪ್ ಪಂದ್ಯದಲ್ಲಿ ಆಸ್ಟ್ರೇಲಿಯಾ ಎದುರು 164 ರನ್ನಿಗೆ ಎಂಟು ವಿಕೆಟ್ ಬಿದ್ದು, ಸಚಿನ್ ಕೂಡ ಔಟಾಗಿ ಎಷ್ಟೋ ಮನೆಗಳಲ್ಲಿ ಟಿ.ವಿ. ಆರಿಸಿದ ಮೇಲೆ, ಗೆಲುವಿಗೆ ಬೇಕಿದ್ದ 52 ರನ್ನುಗಳನ್ನು ಹೊಡೆದವರು ಇವರೇ. ಇಬ್ಬರ ತಾಯಂದಿರೂ ಅಂದು ಗ್ಯಾಲರಿಯಲ್ಲಿದ್ದರು.

ಪ್ರಶ್ನೆ: ಜಿ.ಆರ್. ವಿಶ್ವನಾಥ್ ಅವರ ಯಾವ ಶತಕ ನಿಮಗೆ ಹೆಚ್ಚು ಇಷ್ಟ? (ಭದ್ರಾವತಿಯ ಓದುಗರು)

ಉತ್ತರ: ಶತಕವಾಗದ ಆಟವೇ ಇಷ್ಟ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸಿನ ವೇಗಿ ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತ ಇನಿಂಗ್ಸಿನಲ್ಲಿ ಭಾರತ ಗಳಿಸಿದ್ದು 190, ವಿಶಿ ಔಟಾಗದೆ ಗಳಿಸಿದ್ದು 97. ಕೊನೆಯವರಾಗಿ ಔಟಾದ ಚಂದ್ರಶೇಖರ್ ಅವರನ್ನು ಈಗಲೂ ದೂರುವವರಿದ್ದಾರೆ. ಅದು ಅನ್ಯಾಯ. ಚಂದ್ರ ಅಷ್ಟು ಹೊತ್ತು ನಿಂತದ್ದರಿಂದಲೇ ವಿಶಿ ಆ ತೊಂಬತ್ತೇಳನ್ನು ಮುಟ್ಟಿದರು.

ಪ್ರಶ್ನೆ: ಹಳೆಯ ಕನ್ನಡ ಚಿತ್ರಗಳ ಹಾಸ್ಯದಲ್ಲಿ ನರಸಿಂಹರಾಜು ದೊಡ್ಡವರೋ, ಬಾಲಕೃಷ್ಣ ದೊಡ್ಡವರೋ? (ತಿಪಟೂರಿನ ಓದುಗರು)

ಉತ್ತರ: ತಿಪಟೂರಿನವರಾದ ನಿಮಗೆ ನಿಮ್ಮೂರಿನ ನರಸಿಂಹರಾಜು ಅವರ ಮೇಲೆ ಅಭಿಮಾನ ಇರುವುದು ಸಹಜ. 1954ರ ‘ಬೇಡರ ಕಣ್ಣಪ್ಪ’ದಿಂದ ಮೊದಲುಗೊಂಡು ಆ ಸಣಕಲು ಮೈ, ಆ ಉಬ್ಬುಹಲ್ಲಿನ ನಗು ತೆರೆಗೆ ಬಂದೊಡನೆ ಟೆಂಟಿನಲ್ಲಿದ್ದವರು ಮಾತಿಗೂ ಮುಂಚೆ ನಗುತ್ತಿದ್ದರು. ಆದರೂ ಇಬ್ಬರೂ ಇರುವ ದೃಶ್ಯ ಸಿಕ್ಕಾಗ ಒಮ್ಮೆ ಬಾಲಕೃಷ್ಣರ ಮುಖವನ್ನಷ್ಟೇ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಯ ಚಲನೆಯನ್ನು ಗಮನಿಸಿ ತಮ್ಮ ಮಾತನ್ನು ಹೂಡುತ್ತಿದ್ದರು. ಹೀಗಾಗಿ ಅವರ ಕಣ್ಣು ಎದುರಿನ ನಟನನ್ನು ಬಿಟ್ಟು ಕದಲುವುದಿಲ್ಲ, ಆ ನೋಟದ ಬಿಗಿಯಿಂದಲೇ ನರಸಿಂಹರಾಜು ಅವರ ಮಾತಿಗೆ ಇನ್ನಷ್ಟು ಕಳೆ ಬರುತ್ತದೆ. ದೊಡ್ಡವರು ಯಾರೆಂದು ತೂಗಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುತ್ತಾನೆ. ಇದು ನಮ್ಮ ಸಂಸ್ಕೃತಿಯೇ? (ಗದಗಿನ ಓದುಗರು)

ಉತ್ತರ: ಗಂಗಾವತಿ ಪ್ರಾಣೇಶ್, ಪ್ರೊ. ಕೃಷ್ಣೇಗೌಡರು ಒಂದು ಮೈಕು ಹಿಡಿದು ಸಾವಿರಾರು ಜನರನ್ನು ನಗಿಸುವುದನ್ನು ಒಪ್ಪಿಕೊಂಡ ನಾವು, ಹುಡುಗರು ಅದನ್ನೇ ಸಣ್ಣ ಕೋಣೆಯಲ್ಲಿ ಮಾಡಿದರೆ ಪರಕೀಯವೆಂದು ಏಕೆ ದೂರಬೇಕು? ನನ್ನ ತಕರಾರು ಬೇರೆಯದು. ಕಳೆದ ವರ್ಷ ನಮ್ಮ ಬಡಾವಣೆಯ ಗಣೇಶನ ಪೆಂಡಾಲಿನಲ್ಲಿ ಹಾಸ್ಯಗಾರರೊಬ್ಬರು ಹೆಂಡತಿಯ ಮೈಬಣ್ಣದ ಮೇಲೆ ಜೋಕು ಹೇಳಿದಾಗ, ನನ್ನ ಮುಂದಿನ ಸಾಲಿನಲ್ಲಿ ಕುಳಿತಿದ್ದ ಹೆಣ್ಣುಮಗಳೊಬ್ಬಳು ನಗುತ್ತಿದ್ದವರ ನಡುವೆ ಸೆರಗು ಸರಿಪಡಿಸಿಕೊಂಡು ನೆಲ ನೋಡತೊಡಗಿದಳು. ಹಳಬರಿರಲಿ, ಹೊಸಬರಿರಲಿ, ಆ ಬಗೆಯ ಜೋಕು ನನಗೆ ಬೇಡ. ನಿಮ್ಮ ಮಗ ಗದಗಿನ ಮಾತಿನಲ್ಲೇ, ಗದಗಿನ ಬಸ್ಸು, ಮಿರ್ಚಿ, ಮನೆಮಂದಿಯ ಬಗ್ಗೆ ಹೇಳುತ್ತಿದ್ದಾನೆಯೇ ಎಂದು ವಿಚಾರಿಸಿ. ಸಾಧ್ಯವಾದರೆ ಒಂದು ಸಂಜೆ ಬೆಂಗಳೂರಿಗೆ ಹೋಗಿ, ಟಿಕೆಟ್ ಕೊಂಡು, ಅವನ ಎದುರಿಗೇ ಕುಳಿತುಕೊಳ್ಳಿ.