ಒಂದೇ ಹಂಪ್ ಮ್ಯಾಪಿನಲ್ಲಿ ಎರಡಾಗಿ ಬಿದ್ದರೆ ಜಿಪಿಎಸ್ ಮಾಡ್ಯೂಲ್ ಕೆಟ್ಟಿದೆ ಅಂತಲಾ?

ಕೆಟ್ಟಿಲ್ಲ. ಹೊಸದು ತರಬೇಡಿ, ದುಡ್ಡು ದಂಡ.

ನೀವು ಹೇಳಿದ್ದು ಇಷ್ಟು. ಬೈಕಿಗೆ ಒಂದು ಅಗ್ಗದ ಜಿಪಿಎಸ್ ಮಾಡ್ಯೂಲ್ ಮತ್ತು ಕುಲುಕಾಟ ಅಳೆಯುವ ಸೆನ್ಸರ್ ಕಟ್ಟಿಕೊಂಡು ರಸ್ತೆ ಗುಂಡಿಗಳನ್ನು ಮ್ಯಾಪಿಗೆ ಹಾಕುತ್ತಿದ್ದೀರಿ. ಚುಕ್ಕೆ ಗುಂಡಿಯ ಮೇಲೆ ಬೀಳದೆ ಹತ್ತು ಹದಿನೈದು ಮೀಟರ್ ಆಚೀಚೆ ಬೀಳುತ್ತಿದೆ. ಜೊತೆಗೆ, ಆನ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಮಾಡ್ಯೂಲಿನ ಸಮಯ ಫೋನಿಗಿಂತ 3 ಸೆಕೆಂಡ್ ಮುಂದಿದ್ದು ಆಮೇಲೆ ತಾನಾಗಿ ಸರಿಹೋಗುತ್ತದೆ. ಇವೆರಡೂ ಒಂದೇ ರೋಗ ಅಂತ ನೀವು ಅಂದುಕೊಂಡಿದ್ದೀರಿ, ಅಲ್ವಾ? ಇವು ಬೇರೆ ಬೇರೆ.

ಮೊದಲು ಆ 3 ಸೆಕೆಂಡ್. ಜಿಪಿಎಸ್ ಗಡಿಯಾರ ಲೆಕ್ಕ ಶುರು ಮಾಡಿದ್ದು 1980ರ ಜನವರಿ 6ರಿಂದ. ಅದಕ್ಕೆ ಲೀಪ್ ಸೆಕೆಂಡ್ (ಭೂಮಿ ತಿರುಗುವುದಕ್ಕೆ ಹೊಂದಿಸಲು ಹಾಕುವ ಹೆಚ್ಚುವರಿ ಸೆಕೆಂಡ್) ಸೇರಿಸುವುದಿಲ್ಲ. ಆದರೆ ನಮ್ಮ ಫೋನು, ಕಂಪ್ಯೂಟರ್ ಎಲ್ಲ ನಂಬುವ ಜಾಗತಿಕ ಸಮಯ ಯುಟಿಸಿಗೆ ಆಗಾಗ ಒಂದೊಂದು ಸೆಕೆಂಡ್ ಸೇರಿಸಿದ್ದಾರೆ, ಕೊನೆಯದು 2016ರ ಡಿಸೆಂಬರ್ 31ಕ್ಕೆ. ಹಾಗಾಗಿ ಜಿಪಿಎಸ್ ಸಮಯ ಯುಟಿಸಿಗಿಂತ 18 ಸೆಕೆಂಡ್ ಮುಂದಿದೆ. ಎಷ್ಟು ಕಳೆಯಬೇಕು ಅನ್ನುವ ಅಂಕಿಯನ್ನು ಉಪಗ್ರಹವೇ ಕಳಿಸುತ್ತದೆ, ಆದರೆ ಅದರ ಸಂದೇಶ ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಎತ್ತಿನಗಾಡಿ ಥರ ಬರುವುದರಿಂದ ಪೂರ್ತಿ ಒಂದು ಸುತ್ತಿಗೆ ಹನ್ನೆರಡೂವರೆ ನಿಮಿಷ ಬೇಕು, ಮತ್ತು ಈ ಅಂಕಿ ಆ ಸುತ್ತಿನಲ್ಲಿ ಒಂದೇ ಸಲ ಬರುತ್ತದೆ. ಅದು ಸಿಗುವವರೆಗೂ ಮಾಡ್ಯೂಲ್ ತನ್ನ ಫರ್ಮ್‌ವೇರಿನಲ್ಲಿ (ಒಳಗೇ ತುಂಬಿರುವ ಸಾಫ್ಟ್‌ವೇರ್) ಬರೆದಿಟ್ಟಿರುವ ಹಳೇ ಅಂಕಿಯನ್ನೇ ಕಳೆಯುತ್ತದೆ. 2012ರ ಜೂನ್ ಕೊನೆಯವರೆಗೆ ಅದು 15 ಇತ್ತು. ನಿಮ್ಮದು ಸರಿಯಾಗಿ 3 ಸೆಕೆಂಡ್ ಮುಂದಿದೆ ಅಂದರೆ ಫರ್ಮ್‌ವೇರ್ ಆ ಕಾಲದ್ದು, ಅಷ್ಟೇ. ಆನ್ ಮಾಡಿ ಬಯಲಲ್ಲಿ ಕಾಲು ಗಂಟೆ ಇಟ್ಟು ಆಮೇಲೆ ಹೊರಡಿ. ಬೋರ್ಡಿನಲ್ಲಿ ಬ್ಯಾಕಪ್ ಬ್ಯಾಟರಿ ಸರಿಯಿದ್ದರೆ ಪ್ರತಿ ಸಲ ಕಾಯುವ ಕೆಲಸವೂ ಇಲ್ಲ.

ಒಂದಕ್ಕಿಂತ ಹೆಚ್ಚು ದೇಶದ ಉಪಗ್ರಹ ವ್ಯವಸ್ಥೆ ಹಿಡಿಯುವ ರಿಸೀವರ್ ತಗೊಂಡರೆ ಈ ಗೊಂದಲ ಇನ್ನೂ ಜಾಸ್ತಿ. ರಷ್ಯಾದ ಗ್ಲೊನಾಸ್ ಲೀಪ್ ಸೆಕೆಂಡನ್ನು ಪಾಲಿಸುತ್ತದೆ. ಚೀನಾದ ಬೈಡೂ 2006ರ ಜನವರಿ 1ರಿಂದ ಎಣಿಸುತ್ತದೆ, ಜಿಪಿಎಸ್‌ಗೂ ಅದಕ್ಕೂ 14 ಸೆಕೆಂಡ್ ಅಂತರ. ನಮ್ಮ ನಾವಿಕ್ ಲೀಪ್ ಸೆಕೆಂಡ್ ವಿಷಯದಲ್ಲಿ ಜಿಪಿಎಸ್ ದಾರಿಯಲ್ಲೇ ಹೋಗುತ್ತದೆ, ಅದರ ಸಮಯ ನೋಡಿಕೊಳ್ಳುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ.

ಇಲ್ಲಿ ಒಂದು ಸಹಜ ಪ್ರಶ್ನೆ ಬರುತ್ತದೆ. ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ, ಹಾಗಿರುವಾಗ ಸಮಯವೇ 3 ಸೆಕೆಂಡ್ ತಪ್ಪಿದರೆ ಜಾಗ ಹೇಗೆ ಸರಿ ಬರುತ್ತದೆ? ಯಾಕಂದರೆ ರಿಸೀವರ್ ಜಾಗ ಹುಡುಕುವಾಗ ಯುಟಿಸಿಯನ್ನು ಮುಟ್ಟುವುದೇ ಇಲ್ಲ. ತನ್ನ ಅಗ್ಗದ ಕ್ರಿಸ್ಟಲ್ ಗಡಿಯಾರ ಎಷ್ಟು ತಪ್ಪಿದೆ ಅನ್ನುವುದನ್ನೂ ಮೂರು ದಿಕ್ಕಿನ ಜೊತೆ ನಾಲ್ಕನೇ ಲೆಕ್ಕವಾಗಿ ಬಿಡಿಸಿಕೊಳ್ಳುತ್ತದೆ, ನಾಲ್ಕು ಉಪಗ್ರಹ ಬೇಕು ಅನ್ನುವುದು ಅದಕ್ಕೇ. ಯುಟಿಸಿ ಕೊನೆಯಲ್ಲಿ ಸುಮ್ನೆ ಕೂಡಿ ಕಳೆದು ತೋರಿಸುವ ಅಂಕಿ. 2016ರ ಜನವರಿ 26ರಂದು ಇದು ಚೆನ್ನಾಗಿ ಗೊತ್ತಾಯಿತು. ಒಂದು ಹಳೇ ಜಿಪಿಎಸ್ ಉಪಗ್ರಹವನ್ನು ಸೇವೆಯಿಂದ ತೆಗೆಯುವಾಗ ಆದ ಎಡವಟ್ಟಿನಿಂದ ಯುಟಿಸಿ ತಿದ್ದುಪಡಿ 13.7 ಮೈಕ್ರೋಸೆಕೆಂಡ್ ತಪ್ಪಾಗಿ ಪ್ರಸಾರವಾಯಿತು. ಸಮಯಕ್ಕಾಗಿ ಜಿಪಿಎಸ್ ನೆಚ್ಚಿಕೊಂಡಿದ್ದ ಉಪಕರಣಗಳು ಕೂಗಿಕೊಂಡವು. ಮ್ಯಾಪ್ ನೋಡಿಕೊಂಡು ಹೋಗುತ್ತಿದ್ದವರಿಗೆ ಏನೂ ಗೊತ್ತಾಗಲಿಲ್ಲ.

ಈಗ ನಿಮ್ಮ ಗುಂಡಿ. ಇದರಲ್ಲಿ ನಾನೂ ಮುಗ್ಗರಿಸಿದವನೇ. ಹಿಂದೆ ಒಂದು ಕಡೆ ಗಾಡಿಗಳಿಗೆ ಲಾಗರ್ (ಓಡಾಟ ದಾಖಲಿಸುವ ಸಾಧನ) ಮಾಡುವ ಕೆಲಸದಲ್ಲಿದ್ದಾಗ ಒಂದೇ ಹಂಪ್ ನಮ್ಮ ಮ್ಯಾಪಿನಲ್ಲಿ ಎರಡಾಗಿ ಕಾಣಿಸುತ್ತಿತ್ತು. ಆಂಟೆನಾ ಸರಿಯಿಲ್ಲ ಅಂತ ಎರಡು ಸಲ ಬದಲಾಯಿಸಿದೆವು. ಆಮೇಲೆ ನೋಡಿದರೆ, ಹೋಗುವಾಗಲೂ ಬರುವಾಗಲೂ ಚುಕ್ಕೆ ಹಂಪಿಗೆ ಮೊದಲೇ ಬೀಳುತ್ತಿತ್ತು. ಆಂಟೆನಾಗೆ ನಾವು ಯಾವ ಕಡೆಗೆ ಹೋಗುತ್ತಿದ್ದೇವೆ ಅಂತ ಏನು ಗೊತ್ತು! ಹೋಗುವ ದಿಕ್ಕಿನ ಜೊತೆ ತಪ್ಪೂ ತಿರುಗುತ್ತಿದೆ ಅಂದರೆ ಅದು ಸಮಯದ ತಪ್ಪು.

ಆಗುವುದು ಹೀಗೆ. ಮಾಡ್ಯೂಲ್ ಸೆಕೆಂಡಿಗೊಮ್ಮೆ ಜಾಗ ಹೇಳುತ್ತದೆ. ಆದರೆ ಆ ಸೆಕೆಂಡಿನ ಲೆಕ್ಕ ಮುಗಿಸಿ, ಸಾಲು ಸಾಲಾಗಿ 9600 ಬಾಡ್‌ನಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಕಳಿಸಬೇಕು. 80 ಅಕ್ಷರದ ಒಂದು ಸಾಲಿಗೇ 80 ಮಿಲಿಸೆಕೆಂಡ್ ಮೇಲೆ ಹೋಗುತ್ತದೆ, ಎಲ್ಲ ಸಾಲು ಸೇರಿದರೆ ಅರ್ಧ ಸೆಕೆಂಡ್ ಹತ್ತಿರ. ನಿಮ್ಮ ಕೋಡ್ ಗಾಡಿ ಕುಲುಕಿದ ತಕ್ಷಣ 'ಕೊನೆಗೆ ಬಂದ ಜಾಗ' ಎತ್ತಿಕೊಳ್ಳುತ್ತಿದೆ. ಅದು ಅರ್ಧದಿಂದ ಒಂದೂವರೆ ಸೆಕೆಂಡ್ ಹಳೆಯದು. 36 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 10 ಮೀಟರ್. ನಿಮ್ಮ ಹತ್ತು ಹದಿನೈದು ಮೀಟರ್ ಅಲ್ಲೇ ಸಿಕ್ಕಿತಲ್ಲ.

ಪರೀಕ್ಷೆಗೆ ಗುಂಡಿ ಬೇಡ, ಹಂಪ್ ಒಳ್ಳೆಯದು, ರಸ್ತೆಯ ಅಗಲಕ್ಕೂ ಇರುತ್ತದೆ. ಒಂದೇ ವೇಗದಲ್ಲಿ ಹತ್ತು ಸಲ ಹೋಗಿ ಬನ್ನಿ. ಎರಡು ಚುಕ್ಕೆ ಗುಂಪಿನ ನಡುವಿನ ದೂರದ ಅರ್ಧವನ್ನು ವೇಗದಿಂದ ಭಾಗಿಸಿದರೆ ಸರಾಸರಿ ತಡ ಸಿಗುತ್ತದೆ.

ಸರಿಪಡಿಸುವುದಕ್ಕೆ ಪಿಪಿಎಸ್ ಪಿನ್ ಬಳಸಿ. ಸೆಕೆಂಡ್ ಶುರುವಾಗುವ ಕ್ಷಣಕ್ಕೆ ಅಲ್ಲೊಂದು ಪಲ್ಸ್ ಬರುತ್ತದೆ, ನಿಮ್ಮ ಕೆಲಸಕ್ಕೆ ಬೇಕಾದ್ದಕ್ಕಿಂತ ಸಾವಿರಾರು ಪಾಲು ನಿಖರ. ಅಗ್ಗದ ಕೆಲವು ಬೋರ್ಡುಗಳಲ್ಲಿ ಅದನ್ನು ಹೊರಗೆ ಕೊಟ್ಟಿರುವುದಿಲ್ಲ, ಮಿನುಗುವ ಎಲ್‌ಇಡಿಗೆ ಮಾತ್ರ ಹೋಗಿರುತ್ತದೆ, ಅಲ್ಲಿಂದ ಒಂದು ತಂತಿ ಬೆಸುಗೆ ಹಾಕಿಕೊಳ್ಳಬೇಕು. ಪಲ್ಸ್ ಬಂದಾಗ ನಿಮ್ಮ ಬೋರ್ಡಿನ ಮೈಕ್ರೋಸೆಕೆಂಡ್ ಎಣಿಕೆಯನ್ನು ಬರೆದಿಡಿ. ಅದರ ಹಿಂದೆಯೇ ಮಾಡ್ಯೂಲ್ ಕಳಿಸುವ, ಸಮಯ ಮತ್ತು ಜಾಗ ಇರುವ ಆರ್‌ಎಂಸಿ ಸಾಲು ಆ ಪಲ್ಸ್ ಯಾವ ಸೆಕೆಂಡಿನದು ಅಂತ ಹೇಳುತ್ತದೆ. ಕುಲುಕಿದ ಹೊತ್ತನ್ನೂ ಅದೇ ಎಣಿಕೆಯಲ್ಲಿ ಬರೆಯಿರಿ. ಜಾಗವನ್ನು ಆಗಲೇ ಹುಡುಕಬೇಡಿ. ಮನೆಗೆ ಬಂದ ಮೇಲೆ, ಹಿಂದಿನ ಸೆಕೆಂಡಿನ ಜಾಗ ಮತ್ತು ಮುಂದಿನ ಸೆಕೆಂಡಿನ ಜಾಗದ ನಡುವೆ ಎಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿ.

ಇನ್ನು ಡೇಟಾ ಎಷ್ಟು ನಂಬಬಹುದು ಅನ್ನುವುದು. ಆರ್‌ಎಂಸಿಯಲ್ಲಿ 'ಎ' (ಜಾಗ ನಂಬಬಹುದು) ಇದ್ದರೆ ಇಟ್ಟುಕೊಳ್ಳಿ, 'ವಿ' (ನಂಬಬೇಡಿ) ಇದ್ದರೆ ಬಿಡಿ. ಪ್ರತಿ ಸಾಲಿನ ಕೊನೆಯ ಚೆಕ್‌ಸಮ್ (ಅಕ್ಷರ ಕೆಟ್ಟಿದೆಯಾ ಅಂತ ತಿಳಿಸುವ ಅಂಕಿ) ನೋಡಲೇಬೇಕು. ಆರ್ಡುಯಿನೋ ಊನೋ ಬೋರ್ಡಿನಲ್ಲಿ ಬಂದ ಅಕ್ಷರ ಕಾಯ್ದಿಡುವ ಸಾಫ್ಟ್‌ವೇರ್ ಸೀರಿಯಲ್ ಬಫರ್ ಬರೀ 64 ಬೈಟ್, ಎಸ್‌ಡಿ ಕಾರ್ಡಿಗೆ ಬರೆಯುತ್ತಾ ಕೂತರೆ ಅಕ್ಷರಗಳು ಉದುರಿಹೋಗುತ್ತವೆ. ಎಚ್‌ಡಿಒಪಿ ಕಡಿಮೆ ಇದೆ ಅಂತ ಖುಷಿಪಡಬೇಡಿ. ಅದು ಉಪಗ್ರಹಗಳು ಆಕಾಶದಲ್ಲಿ ಹೇಗೆ ಹರಡಿಕೊಂಡಿವೆ ಅಂತ ಮಾತ್ರ ಹೇಳುತ್ತದೆ. ಪಕ್ಕದ ಗಾಜಿನ ಕಟ್ಟಡಕ್ಕೆ ಬಡಿದು ಬಂದ ಸಿಗ್ನಲ್ ಅದರ ಕಣ್ಣಿಗೆ ಬೀಳುವುದಿಲ್ಲ. ಜಿಎಸ್‌ವಿ ಸಾಲಿನಲ್ಲಿ ಪ್ರತಿ ಉಪಗ್ರಹದ ಸಿಗ್ನಲ್ ಬಲ ಇರುತ್ತದೆ. ಬಯಲಲ್ಲಿ 40ರ ಮೇಲೆ ಬರುವುದು ಒಂದು ಬೀದಿಯಲ್ಲಿ 25ಕ್ಕೆ ಇಳಿದರೆ ಅಲ್ಲಿನ ಚುಕ್ಕೆಗಳನ್ನು ಅನುಮಾನದಿಂದ ನೋಡಿ. ಅಳಿಸಬೇಡಿ, ಪಕ್ಕದಲ್ಲಿ ಆ ಅಂಕಿ ಬರೆದಿಡಿ, ನಾಳೆ ನಿಮ್ಮ ಅಳತೆಗೋಲು ಬದಲಾಗಬಹುದು.

ಇಷ್ಟಾದ ಮೇಲೂ ಹಂಪ್ ಎರಡೇ ಕಾಣಿಸಿದರೆ ಒಂದು ನಿಮಿಷದ ಕಚ್ಚಾ ಲಾಗ್ ಇಲ್ಲಿ ಹಾಕಿ. ನೀವು ತಿದ್ದಿದ್ದಲ್ಲ, ಮಾಡ್ಯೂಲ್ ಉಗುಳಿದ್ದು ಹಾಗೇ.